ಗುರುವಾರದ ಬ್ಯಾಟರಿ

ಬುಚೊನ್
ಸೆಪ್ಟೆಂಬರ್ ೧೦, ಬುಧವಾರ

ಬೊರಮ್‌ಗೆ,

ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ರೂಢಿ. ಕಾರು ಚೆನ್ನಾಗಿದೆ ಎಂದು ಬರೆದರೆ ಇನ್ನಷ್ಟು ನಿಜವಾದೀತು. ಯುಲ್‌ಗೆ ಹಲ್ಲು ಬರುವ ಕಿರಿಕಿರಿ ಕಡಿಮೆಯಾಯಿತೇ? ಫೋನಿನಲ್ಲಿ ಮೆಸೇಜು ಹಾಕಿ ಕೇಳಿದರೆ ನೀನು ಓದಿದ ಗುರುತು ಬರುತ್ತದೆ, ಉತ್ತರ ಬರುವುದಿಲ್ಲ. ಕಾಗದಕ್ಕೆ ಆ ಗುರುತಿಲ್ಲ. ನೀನು ಓದದೆ ಎತ್ತಿಟ್ಟರೂ ನನಗೆ ಗೊತ್ತಾಗುವುದಿಲ್ಲ. ಆ ಅನುಕೂಲಕ್ಕಾಗಿಯೇ ಬರೆಯುತ್ತಿದ್ದೇನೆ. ಮಕ್ಕಳ ಅಭ್ಯಾಸದ ಹಾಳೆಗಳ ಮೇಲೆ ಸರಿಯುತ್ತರಕ್ಕೆ ಕೆಂಪು ಸೊನ್ನೆ ಸುತ್ತುವುದು ಬಿಟ್ಟರೆ ಈ ಕೈ ಏನನ್ನಾದರೂ ಬರೆದು ಬಹಳ ಕಾಲವಾಯಿತು.

ವಿಷಯ ಮೊದಲೇ ಹೇಳಿಬಿಡುತ್ತೇನೆ. ನಿನ್ನ ಅಪ್ಪ ಮನೆಗೆ ಬರುತ್ತೇನೆ ಎಂದಿದ್ದಾರೆ. ಹಬ್ಬಕ್ಕೆ ಬಂದುಹೋಗುವುದಲ್ಲ. ಗೊಜೆಯ ಹಡಗು ಕಾರ್ಖಾನೆಯ ಕೆಲಸ ಬಿಟ್ಟು, ಅಲ್ಲಿನ ಬಾಡಿಗೆ ಕೋಣೆ ಬಿಟ್ಟು, ಇರುವುದಕ್ಕೇ ಬರುತ್ತಾರಂತೆ. ಅದಕ್ಕೊಂದು ಷರತ್ತು ಹಾಕಿದ್ದಾರೆ. ಕಾರು ನಿಂತಿರುವಾಗಲೂ ಮುಂದಿನ ಗಾಜಿನ ಕ್ಯಾಮೆರಾ ಎಚ್ಚರವಾಗಿರಬೇಕು, ಅದಕ್ಕೆಂದೇ ಬೇರೆ ಬ್ಯಾಟರಿ ಹಾಕಿಸಬೇಕು. ಕಳೆದ ತಿಂಗಳು, ಪ್ರತಿ ಗುರುವಾರದಂತೆ ನಾನು ಬಂದಾಗ, ನೀನು ಬಾಗಿಲಲ್ಲಿ ನಿಂತು ಹಾಕಿದ ಷರತ್ತೂ ನನಗೆ ನೆನಪಿದೆ. "ಅಪ್ಪ ಆ ಮನೆಗೆ ಕಾಲಿಟ್ರೆ ನೀನು ಈ ಮನೆಗೆ ಕಾಲಿಡಬೇಡ ಅಮ್ಮ. ಗುರುವಾರಾನೂ ಬೇಡ, ಇನ್ಯಾವ ವಾರಾನೂ ಬೇಡ," ಎಂದೆ. ಒಂದು ಷರತ್ತು ಗೊಜೆಯದು, ಒಂದು ನಿನ್ನ ಗಿಂಪೊದ್ದು. ನನಗೆ ಆರಿಸಿಕೊಳ್ಳಲು ಬಿಟ್ಟದ್ದು ಬ್ಯಾಟರಿಯನ್ನು ಮಾತ್ರ.

ಇದೆಲ್ಲ ಹೇಗೆ ಶುರುವಾಯಿತೆಂದು ನಿನಗೆ ಗೊತ್ತು. ಆದರೆ ನಿನ್ನದೇ ರೀತಿಯಲ್ಲಿ ಗೊತ್ತು. ಕಾರಿನ ಮುಂದೆ, ಗಾಜಿನ ಕೆಳಗೆ ಇಟ್ಟಿರುವ ಫೋನ್ ನಂಬರು ಇವತ್ತಿಗೂ ನಿನ್ನ ಅಪ್ಪನದೇ. ಮನೆಮನೆಗೆ ಹೋಗಿ ಪಾಠ ಹೇಳುವವಳಿಗೆ ಯಾವ ಅಪಾರ್ಟ್‌ಮೆಂಟಿನಲ್ಲೂ ಜಾಗ ಸಿಗುವುದಿಲ್ಲ. ನಿಂತಿರುವ ಕಾರುಗಳಿಗೆ ಅಡ್ಡವಾಗಿ ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಬ್ರೇಕು ಬಿಟ್ಟು ಮೇಲೆ ಹೋಗುತ್ತೇನೆ. ಹೊರಡುವವರು ಕೈಯಲ್ಲಿ ತಳ್ಳಿ ದಾರಿ ಮಾಡಿಕೊಳ್ಳುತ್ತಾರೆ. ತಳ್ಳಲಾರದ ಮುದುಕರು, ತಳ್ಳಲು ಮನಸ್ಸಿಲ್ಲದ ಹುಡುಗರು ಆ ನಂಬರಿಗೆ ಫೋನ್ ಮಾಡುತ್ತಾರೆ. ಗಂಟೆ ಹೊಡೆಯುವುದು ದೇಶದ ಆ ತುದಿಯಲ್ಲಿ. ನಿನ್ನ ಅಪ್ಪ ವೆಲ್ಡಿಂಗ್ ನಿಲ್ಲಿಸಿ, ಮುಖದ ಕವಚ ಮೇಲೆತ್ತಿ, ನನಗೆ ಫೋನ್ ಮಾಡುತ್ತಾರೆ: "ಏಳನೇ ಬ್ಲಾಕಿನ ಹತ್ರ ಯಾರೋ ಬೈತಿದ್ದಾರೆ, ಕಾರು ತೆಗಿ." ಅಷ್ಟೇ. ಮೂರು ವರ್ಷ ನಮ್ಮ ಸಂಸಾರ ನಡೆದದ್ದು ಈ ಒಂದು ಮಾತಿನ ಮೇಲೆ. ನಂಬರು ಬದಲಿಸು ಎಂದು ಅವರು ಹೇಳಲಿಲ್ಲ. ನಾನೂ ಬದಲಿಸಲಿಲ್ಲ.

ಜುಲೈನಲ್ಲಿ ಯುಲ್‌ನ ಮೈ ಸುಡುತ್ತಿದೆಯೆಂದು ನೀನು ಅತ್ತ ದಿನ, ನಿಮ್ಮ ಅಂಗಳದಲ್ಲಿ ಅಡ್ಡ ನಿಲ್ಲಿಸಿದವಳು ಬ್ರೇಕು ಎಳೆದು ಓಡಿ ಬಂದೆ. ಅಡ್ಡ ನಿಲ್ಲಿಸಿ ಬ್ರೇಕು ಎಳೆಯುವುದು ನಿನ್ನೆ ಲೈಸೆನ್ಸು ಪಡೆದವರೂ ಮಾಡದ ತಪ್ಪು. ಯಾರು ಯಾರೋ ತಳ್ಳಿದ್ದಾರೆ, ಕಾರು ಕದಲಿಲ್ಲ. ಕೊನೆಗೆ ಒಬ್ಬ ಫೋನ್ ಮಾಡಿದ್ದಾನೆ. ಅವನು ಅಂದದ್ದನ್ನು ನಿನ್ನ ಅಪ್ಪ ಒಂದಕ್ಷರ ಬಿಡದೆ ನನಗೆ ಒಪ್ಪಿಸಿದರು: "ಏನ್ ಯಜಮಾನ್ರೇ, ನಿಮ್ಮ ಕಾರು ಬೇರು ಬಿಟ್ಟಿದೆಯಾ? ನಿಮ್ಮ ಮನೆಯವ್ರು ಮಗಳ ಮನೇಲಿ ಮೊಮ್ಮಗು ಎತ್ಕೊಂಡು ಕೂತಿದ್ದಾರಂತೆ, ವಾಚ್‌ಮನ್ ಹೇಳ್ದ. ನೀವಾದ್ರೂ ಕೆಳಗಿಳಿದು ಬನ್ನಿ."

ತನಗೆ ಮೊಮ್ಮಗು ಹುಟ್ಟಿದೆ ಎಂದು ನಿನ್ನ ಅಪ್ಪನಿಗೆ ತಿಳಿದದ್ದು ಹೀಗೆ, ಗುರುತಿಲ್ಲದವನ ಬೈಗುಳದಲ್ಲಿ. ನೀನು ಎಲ್ಲಿದ್ದೀಯ ಎಂಬುದೂ ಅವತ್ತೇ ತಿಳಿಯಿತು. ನಾನು ಬೇಕೆಂದೇ ಬ್ರೇಕು ಎಳೆದೆ ಎಂದು ನೀನು ಅಂದೆ. ಅಲ್ಲ ಎಂದೆ. ಈಗಲೂ ಅಲ್ಲ ಎನ್ನುತ್ತೇನೆ.

ಆಮೇಲೆ ಕೆಲವು ವಾರ ಕಳೆದವು. ಒಂದು ದಿನ, ಯಾರೂ ಬೈಯದೆ ಇದ್ದಾಗ, ತಾವಾಗಿಯೇ ಫೋನ್ ಮಾಡಿ ಕೇಳಿದರು: "ಗಾಡಿ ನಿಲ್ಸಿದಾಗ ಕ್ಯಾಮೆರಾ ಯಾಕೆ ಆರಿಸ್ತೀಯ?" ಹಳೆಯ ಗಾಡಿ, ಕ್ಯಾಮೆರಾ ಓಡುತ್ತಿದ್ದರೆ ಬ್ಯಾಟರಿ ಇಳಿದು ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ, ಚಳಿಗಾಲದಲ್ಲಿ ಸ್ಟಾರ್ಟ್ ಮಾಡಿಸಲು ಇನ್ಶೂರೆನ್ಸಿನವರನ್ನು ಕರೆಸಿ ಕರೆಸಿ ನಾಚಿಕೆಯಾಯಿತು ಎಂದೆ. "ಹಾಗಾದ್ರೆ ಅದಕ್ಕೇ ಅಂತ ಬೇರೆ ಬ್ಯಾಟರಿ ಹಾಕ್ಸು. ಬಾಂಗ್ ಅಂಗಡೀಲಿ ಹೇಳಿದ್ದೀನಿ. ಯಾವುದು ಬೇಕೋ ನೋಡಿ ತಗೋ. ಗಾಡಿ ಗೀರೋರು ಜಾಸ್ತಿ ಆಗಿದ್ದಾರೆ." ಕೊನೆಗೆ, "ಹಾಕ್ಸಿದ್ರೆ ನಾನು ಬಂದ್ಬಿಡ್ತೀನಿ. ಇಲ್ಲಿ ಸಾಕಾಗಿದೆ," ಎಂದರು. ಮೊದಲ ಮಾತಿಗೂ ಎರಡನೆಯ ಮಾತಿಗೂ ಏನು ಸಂಬಂಧವೆಂದು ನಾನು ಕೇಳಲಿಲ್ಲ. ಎರಡನೆಯದನ್ನಷ್ಟೇ ಕೇಳಿಸಿಕೊಂಡೆ.

ಈ ಕ್ಯಾಮೆರಾವನ್ನು ನೀನು ಹಾವಿನಂತೆ ನೋಡುವುದಕ್ಕೆ ಕಾರಣ ಮರೆತಿಲ್ಲ. ಮೂರು ವರ್ಷದ ಹಿಂದಿನ ಆ ಚುಸೊಕ್ ಸುಗ್ಗಿ ಹಬ್ಬದಲ್ಲಿ, ಹಿರಿಯರಿಗೆ ಎಡೆ ಇಟ್ಟು ತೆಗೆದ ಮೇಲೆ, ಎಲ್ಲರೂ ಊಟಕ್ಕೆ ಕೂತಿದ್ದಾಗ, ನಿನ್ನ ಅಪ್ಪ ಅಕ್ಕಿ ಕಡುಬಿನ ತಟ್ಟೆಯ ಪಕ್ಕ ತಮ್ಮ ಫೋನು ಇಟ್ಟರು. ಹಿಂದಿನ ವಾರ ನೀನು ಕಾರು ತೆಗೆದುಕೊಂಡು ಹೋಗಿದ್ದೆಯಲ್ಲ, ಒಳಗಿನ ಮಾತೆಲ್ಲ ಕ್ಯಾಮೆರಾದಲ್ಲಿ ದಾಖಲಾಗಿತ್ತು. ನಿನ್ನ ದನಿ ಬಂತು, ಆದರೆ ಅಪ್ಪನ ರಾಗದಲ್ಲಿ: "ಲೈಟ್ ಆರಿಸ್ರೋ. ವೆಲ್ಡಿಂಗ್ ಮಾಡಿ ಕಣ್ಣು ಕಳ್ಕೊಂಡೋನು ನಾನು, ಬೆಳಕು ಬೇಕಾಗಿರೋದು ನಿಮಗಾ?" ಹಿಂದೆಯೇ ಸಂಗ್ಯೊಪ್‌ನ ನಗು. ಆಗಿನ್ನೂ ಅವನು ನಿನ್ನ ಗಂಡನಾಗಿರಲಿಲ್ಲ, ಯಾರೆಂದೇ ನಮಗೆ ಗೊತ್ತಿರಲಿಲ್ಲ. ನಿನ್ನ ಅಪ್ಪ ಇಡೀ ಮನೆತನದ ಎದುರು ನಿನ್ನನ್ನು ತಲೆ ತಗ್ಗಿಸುವಂತೆ ಮಾಡಬೇಕೆಂದಿದ್ದರು. ಆದದ್ದು ಬೇರೆ. ನಿನ್ನ ದೊಡ್ಡಪ್ಪ ತಡೆಯಲಾರದೆ ನಕ್ಕುಬಿಟ್ಟರು. ನಿನ್ನ ಅನುಕರಣೆ ಅಷ್ಟು ಚೆನ್ನಾಗಿತ್ತು. ನನ್ನ ಬಾಯಲ್ಲಿ ಅನ್ನ ಇದ್ದದ್ದರಿಂದ ನಾನು ನಗದೆ ಉಳಿದುಕೊಂಡೆ. ನೀನು ಆ ಸಂಜೆ ಮನೆ ಬಿಟ್ಟೆ, ನಿನ್ನ ಅಪ್ಪ ಅದೇ ತಿಂಗಳಲ್ಲಿ ಬಿಟ್ಟು ಗೊಜೆಗೆ ಹೋದರು. ಯಾರನ್ನು ಯಾರು ಅವಮಾನಿಸಿದರು ಎಂದು ಮೂರು ವರ್ಷ ತಟ್ಟೆ ತೊಳೆಯುತ್ತಾ ಯೋಚಿಸಿದ್ದೇನೆ. ತಟ್ಟೆ ಒಂದೇ ಇರುತ್ತಿದ್ದುದರಿಂದ ಯೋಚನೆಯೂ ಬೇಗ ಮುಗಿಯುತ್ತಿತ್ತು.

ಸೋಮವಾರ ಕಾರಿನ ಸಾಮಾನು ಮಾರುವ ಬಾಂಗ್ ಅಂಗಡಿಗೆ ಹೋದೆ. ನಿನಗೆ ಅವನ ನೆನಪಿರಬಹುದು. ಅವನ ಮಗ ನನ್ನ ಹತ್ತಿರ ಗುಣಾಕಾರ ಕಲಿತವನು. ಬಾಂಗ್ ಮೇಜಿನ ಮೇಲೆ ಮೂರು ಬ್ಯಾಟರಿ ಇಟ್ಟ. ಎಲ್ಲಕ್ಕಿಂತ ಸಣ್ಣದು ದಪ್ಪ ನಿಘಂಟಿನಷ್ಟಿತ್ತು. ಸೀಟಿನ ಕೆಳಗೆ ಕೂರುತ್ತದಂತೆ. "ಟೀಚರ್, ಇದು ಒಂದು ರಾತ್ರಿಗೆ. ಇದು ಒಂದು ಹಗಲು ಒಂದು ರಾತ್ರಿಗೆ. ಈ ದೊಡ್ಡಣ್ಣ ಇದ್ದಾನಲ್ಲ, ನೀವು ಏರ್‌ಪೋರ್ಟಲ್ಲಿ ಕಾರು ಬಿಟ್ಟು ಜೇಜು ದ್ವೀಪ ನೋಡ್ಕೊಂಡು ಬಂದ್ರೂ ಕಣ್ಣು ಮುಚ್ಚಲ್ಲ," ಎಂದ. ಕಾರಿನ ಸ್ವಂತ ಬ್ಯಾಟರಿಗೆ ಇದು ಕೈ ಹಾಕುವುದಿಲ್ಲ, ಬೇಸಿಗೆಯಲ್ಲಿ ಉಬ್ಬುವ ಜಾತಿಯೂ ಅಲ್ಲ ಎಂದ. ಕ್ಯಾಮೆರಾಕ್ಕೆ ಕರೆಂಟು ಇದ್ದಷ್ಟು ಹೊತ್ತು, ಕಾರು ಎಲ್ಲೇ ನಿಂತಿದ್ದರೂ, ನಿನ್ನ ಅಪ್ಪ ತಮ್ಮ ಫೋನಿನಲ್ಲಿ ಅದರ ಮುಂದಿರುವುದನ್ನೆಲ್ಲ ನೋಡಬಹುದಂತೆ. "ನಿಮ್ಮ ಕಾರಿನ ಮುಂದೆ ಬೆಕ್ಕು ಆಕಳಿಸಿದ್ರೂ ಗೊಜೇಲಿ ಗೊತ್ತಾಗುತ್ತೆ."

ನಾನೊಂದು ಉಪಾಯ ಮಾಡಿಕೊಂಡು ಹೋಗಿದ್ದೆ. ಗುರುವಾರ ಇಡೀ ದಿನ ಪಾಠದ ಮನೆಗಳ ಮುಂದೆ ನಿಂತೂ ನಿಂತೂ, ಸಂಜೆ ನಿನ್ನ ಮನೆ ಮುಟ್ಟುವ ಹೊತ್ತಿಗೆ ಸತ್ತುಹೋಗುವಂಥ ಬ್ಯಾಟರಿ ಸಿಕ್ಕರೆ ಸಾಕಿತ್ತು. ಅವರು ಮನೆಯಲ್ಲಿದ್ದರೂ ಅವರ ಕಣ್ಣು ನಿನ್ನ ಬಾಗಿಲನ್ನು ಮುಟ್ಟುವುದಿಲ್ಲ ಎಂದು ತೋರಿಸಿದರೆ ನೀನು ಮೆತ್ತಗಾಗಬಹುದು ಎಂದುಕೊಂಡಿದ್ದೆ. ಹಾಗೆಂದು ಅವನಿಗೆ ಹೇಳುವುದು ಹೇಗೆ? ಸಂಜೆಯೊಳಗೆ ಮುಗಿದುಹೋಗುವಂಥದ್ದು ಇದೆಯೇ ಎಂದು ಕೇಳಿದೆ. ಬಾಂಗ್ ನನ್ನನ್ನೇ ನೋಡಿದ. "ಅಂಗಡಿಗೆ ಬರೋರೆಲ್ಲ ಎಷ್ಟು ಹೊತ್ತು ಬದುಕುತ್ತೆ ಅಂತ ಕೇಳ್ತಾರೆ. ಯಾವಾಗ ಸಾಯುತ್ತೆ ಅಂತ ಕೇಳಿದೋರು ನೀವೊಬ್ರೇ ಟೀಚರ್."

ಸಾಯುವುದಿಲ್ಲವಂತೆ. ಓಡಿಸಿದಷ್ಟೂ ತುಂಬಿಕೊಳ್ಳುತ್ತದೆ. ಸಣ್ಣದಾದರೆ ಇನ್ನೂ ಬೇಗ. "ಮುಕ್ಕಾಲು ಗಂಟೆ ಓಡಿಸಿ, ಮತ್ತೆ ಜೀವ ಬರುತ್ತೆ." ನಮ್ಮ ಮನೆಯಿಂದ ನಿನ್ನ ಮನೆಗೆ ಮುಕ್ಕಾಲು ಗಂಟೆ. ನಿನ್ನ ಹತ್ತಿರ ಬರುವ ದಾರಿಯೇ ಅದರ ಹೊಟ್ಟೆ ತುಂಬಿಸುತ್ತದೆ. ವೈರು ಕಿತ್ತರೆ ಎಂದು ಕೇಳಿದೆ. "ಕಿತ್ರೆ ಆ ಸುದ್ದಿನೇ ಮೊದ್ಲು ಯಜಮಾನ್ರಿಗೆ ಹೋಗುತ್ತೆ," ಎಂದು ನಕ್ಕ. ನಾನು ಏನನ್ನೋ ಮುಚ್ಚಿಡುತ್ತಿದ್ದೇನೆಂದು ಅವನಿಗೆ ಖುಷಿಯಾದಂತಿತ್ತು.

ನಿಜ ಹೇಳಬೇಕೆಂದರೆ, ನನಗೂ ಆಗಿತ್ತು. ನಿನ್ನ ಅಪ್ಪನಿಗೆ ನನ್ನ ಮೇಲೆ ಅನುಮಾನ ಎಂದು ಒಂದು ತಿಂಗಳಿಂದ ನಂಬಿಕೊಂಡಿದ್ದೆ. ಮೊಮ್ಮಗುವಿನ ನೆಪ ಹೇಳಿ ಇನ್ನೆಲ್ಲಿಗೋ ಹೋಗುತ್ತಾಳೆ, ಯಾರನ್ನೋ ನೋಡುತ್ತಾಳೆ ಎಂದು ಅವರಿಗೆ ಅನ್ನಿಸಿರಬೇಕು ಎಂದುಕೊಂಡಿದ್ದೆ. ಈ ವಯಸ್ಸಿನಲ್ಲಿ, ಈ ಊದಿದ ಮಂಡಿಗಳಲ್ಲಿ, ಅನುಮಾನಕ್ಕೆ ಗುರಿಯಾಗುವುದು ಅಷ್ಟೇನೂ ಕೆಟ್ಟದಾಗಿರಲಿಲ್ಲ. ಮೆಟ್ಟಿಲು ಇಳಿಯುವಾಗ ಕನ್ನಡಿ ನೋಡಿಕೊಳ್ಳುತ್ತಿದ್ದೆ.

ಬಾಂಗ್ ಬ್ಯಾಟರಿಗಳನ್ನು ಮತ್ತೆ ಪೆಟ್ಟಿಗೆಗೆ ಹಾಕುತ್ತಾ ಹೇಳಿದ: "ಯಜಮಾನ್ರು ದೊಡ್ಡದೇನೂ ಕೇಳಲಿಲ್ಲ. ವಾರಕ್ಕೊಂದ್ಸಲ ಎರಡು ಗಂಟೆ ಸಾಕು ಅಂದ್ರು. ಸಂಜೆ ಬೆಳಕಲ್ಲಿ ಮಗು ಮುಖ ಗೊತ್ತಾಗುತ್ತಾ ಅಂತ ಮಾತ್ರ ಮೂರ್ಮೂರು ಸಲ ಕೇಳಿದ್ರು. ಅಜ್ಜಿ ಆಗಿದ್ದೀರಂತೆ, ಬಾಯೇ ಬಿಡಲಿಲ್ವಲ್ಲ ಟೀಚರ್ ನೀವು."

ಗುರುವಾರ ನಾನು ನಿನ್ನ ಮನೆಯಲ್ಲಿರುವುದು ಎರಡು ಗಂಟೆ. ನಾನು ಹೊರಡುವಾಗ ನೀನು ಯುಲ್‌ನನ್ನು ಎತ್ತಿಕೊಂಡು ಕಾರಿನ ತನಕ ಬರುತ್ತೀಯೆಂದು ಅವರಿಗೆ ನಾನೇ ಹೇಳಿದ್ದೆ, ಇನ್ನೇನೋ ಮಾತಿನ ನಡುವೆ. ಅಲ್ಲಿಗೆ ಎಲ್ಲವೂ ಅರ್ಥವಾಯಿತು. ಗೀರುವವರೂ ಇಲ್ಲ, ಅನುಮಾನವೂ ಇಲ್ಲ. ಅವರು ಮನೆಗೆ ಬರುವುದು ನನಗೆ ಕೊಡುವ ಕೂಲಿ. ಅವರಿಗೆ ಬೇಕಾದದ್ದು ನಿನ್ನ ಅಂಗಳ. ಅವರಿಗೆ ನಾನು ಕಾರು. ನಿನಗೆ ನಾನು ಗುರುವಾರ. ನಾನು ಬಂದ ಕೂಡಲೇ ಮಗುವನ್ನು ಕೈಗಿತ್ತು ನೀನು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೀಯ. ದಣಿದಿರುತ್ತೀಯ, ನಿದ್ದೆ ಬೇಕು, ತಪ್ಪಲ್ಲ. ಎದ್ದ ಮೇಲೆ, ಹಿಂದಿನ ವಾರ ನಾನು ಅಡುಗೆ ತಂದಿದ್ದ ಡಬ್ಬಿಗಳನ್ನು ತೊಳೆದು ಚೀಲಕ್ಕೆ ಹಾಕಿ ಕೊಡುತ್ತೀಯ. ನನ್ನ ಮಂಡಿ ಹೇಗಿದೆ ಎಂದು ಸಂಗ್ಯೊಪ್ ಒಮ್ಮೆ ಕೇಳಿದ. ನೀವಿಬ್ಬರೂ, ಅಪ್ಪ ಮಗಳು, ಕೇಳಿದ್ದಿಲ್ಲ.

ಬಸ್ಸಿನಲ್ಲಿ ಬಾ ಎನ್ನಬಹುದು ನೀನು. ಬಸ್ಸು ಕ್ಯಾಮೆರಾದಿಂದ ತಪ್ಪಿಸುತ್ತದೆ, ನಿನ್ನ ಷರತ್ತಿನಿಂದ ತಪ್ಪಿಸುವುದಿಲ್ಲ. ಷರತ್ತು ಸಡಿಲಿಸು ಎಂದು ನಾನು ಬೇಡುತ್ತೇನೆಂದು ಕಾಯಬೇಡ. ನೀನು ನಿನ್ನ ಅಪ್ಪನ ಮಗಳು, ಸಡಿಲಿಸುವುದಿಲ್ಲ.

ನಡುವಿನದನ್ನು ಹಾಕಿಸಿದೆ. ಇವತ್ತು ಮಧ್ಯಾಹ್ನ ಅರ್ಧ ಗಂಟೆಯಲ್ಲಿ ಮುಗಿಯಿತು. ಸೀಟಿನ ಕೆಳಗೆ ಒಂದು ಹಸಿರು ದೀಪ ಉರಿಯುತ್ತದೆ, ಬಗ್ಗಿ ನೋಡಿದರೆ ಮಾತ್ರ ಕಾಣುತ್ತದೆ. ಅವರಿಗೆ ಫೋನ್ ಮಾಡಿ ಹೇಳಿದೆ. "ಸರಿ, ಶನಿವಾರ ಬರ್ತೀನಿ," ಎಂದರು. ಸೌತೆಕಾಯಿ ಕಿಮ್ಚಿ ಇದೆಯಾ ಎಂದು ಕೇಳಿದರು. ಇದೆ ಎಂದೆ. ಇರಲಿಲ್ಲ, ಈಗ ಹಾಕಿಟ್ಟಿದ್ದೇನೆ.

ಯಾಕೆಂದು ಕೇಳುವ ಹಕ್ಕು ನಿನಗಿದೆ. ನಾನು ಮೂರು ವರ್ಷ ಒಲೆಯ ಮುಂದೆ ನಿಂತುಕೊಂಡೇ ಉಂಡಿದ್ದೇನೆ. ಒಬ್ಬಳೇ ಇರುವಾಗ ಕೂತು ಉಣ್ಣುವುದಕ್ಕೆ ಕಾರಣ ಬೇಕಾಗುತ್ತದೆ. ಎದುರಿಗೆ ಕೂತು, ಸಾರು ಬಿಸಿಯಿಲ್ಲ ಎನ್ನುವ ಒಬ್ಬರು ಬೇಕು. ಅವರು ಬಂದದ್ದು ನನಗಾಗಿಯೋ ಅಲ್ಲವೋ ಎಂದು ಸಾರಿಗೆ ಗೊತ್ತಾಗುವುದಿಲ್ಲ.

ಹಾಗಾಗಿ ನಾಳೆ ನಾನು ಬರುವುದಿಲ್ಲ. ಮುಂದಿನ ಗುರುವಾರವೂ ಇಲ್ಲ. ಈ ಕಾಗದದ ಜೊತೆ ಕೊರಿಯರಿನಲ್ಲಿ ಎರಡು ಡಬ್ಬಿ ಬರುತ್ತವೆ: ಹುರಿದ ಸಣ್ಣ ಮೀನು, ಮೂಲಂಗಿ ಕಿಮ್ಚಿ. ಕಿಮ್ಚಿ ಇನ್ನೂ ಹುಳಿ ಬಂದಿಲ್ಲ, ಎರಡು ದಿನ ಹೊರಗಿಟ್ಟು ಆಮೇಲೆ ಫ್ರಿಜ್ಜಿಗೆ ಹಾಕು. ಯುಲ್ ಮಲಗುವಾಗ ಬಲ ಮಗ್ಗುಲಿಗೆ ತಿರುಗಿಸಿದರೆ ಬೇಗ ನಿದ್ದೆ ಹೋಗುತ್ತಾನೆ, ನೀನು ಒಳಗೆ ಮಲಗಿರುತ್ತಿದ್ದುದರಿಂದ ನಿನಗೆ ಗೊತ್ತಿರಲಾರದು. ಖಾಲಿ ಡಬ್ಬಿ ಹಿಂದಕ್ಕೆ ಕಳಿಸಬೇಡ.

ಅಮ್ಮ

ಮರೆತ ಮಾತು: ನಿನ್ನ ಷರತ್ತನ್ನು ನಾನು ನಿನ್ನ ಅಪ್ಪನಿಗೆ ಹೇಳಿಲ್ಲ. ನಾಳೆಗೆ ಪಾಠದ ನೆಪ ಹೇಳಿದ್ದೇನೆ; ಮುಂದಿನ ಗುರುವಾರದಿಂದ ಎಂದಿನಂತೆ ಗಿಂಪೊಗೆ ಬರುತ್ತೇನೆ, ಕಾರು ನಿಮ್ಮ ಅಂಗಳದಲ್ಲಿ ನಿಲ್ಲುತ್ತದೆ ಎಂದೇ ಅವರು ತಿಳಿದಿದ್ದಾರೆ. ಕೆಲಸಕ್ಕೆ ರಾಜೀನಾಮೆ ಕೊಟ್ಟು, ಕೋಣೆಯ ಬೀಗದ ಕೈ ಒಪ್ಪಿಸಿ, ಬಟ್ಟೆಯ ಪೆಟ್ಟಿಗೆ ಇಲ್ಲಿ ಬಿಚ್ಚಿ ಆದ ಮೇಲೆ ತಿಳಿಯಲಿ. ಅಷ್ಟರೊಳಗೆ ಅವರೇನಾದರೂ ನಿನಗೆ ಫೋನ್ ಮಾಡಿದರೆ, ಎಂದಿನಂತೆ ಎತ್ತಬೇಡ.