ಒಡ್ಡಿನ ಸೋರಿಕೆಗೆ ನಲ್ಲಿ ಕೂಡಿಸಿದವರಿಗೆ

ಅಣೆಕಟ್ಟುಗಳ ಸುರಕ್ಷತೆಯ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನಮ್ಮೂರ ಹಳ್ಳದ ಒಡ್ಡು ಸೋರುತ್ತಿದೆ. ಆ ಸೋರಿಕೆಗೆ ತಾವು ನಲ್ಲಿ ಕೂಡಿಸಿದ್ದೀರಿ. ಮಾತಿಗೆ ಹೇಳುತ್ತಿಲ್ಲ, ನಿಜವಾದ ನಲ್ಲಿ. ಸುರಪುರದಿಂದ ತಿಂಥಣಿ ಕಡೆಗೆ ಹೋಗುವ ಬಸ್ಸು ಹತ್ತಿ ನಮ್ಮ ಕ್ರಾಸಿನಲ್ಲಿ ಇಳಿದರೆ ಯಾರು ಬೇಕಾದರೂ ನೋಡಬಹುದು. ಮಣ್ಣಿನ ಒಡ್ಡಿನ ಬುಡದಲ್ಲಿ, ನೀರು ಜಿನುಗುತ್ತಿದ್ದ ಜಾಗದಲ್ಲಿಯೇ, ನೀಲಿ ಟೈಲ್ಸ್ ಹಚ್ಚಿದ ಕಟ್ಟೆ, ಎರಡು ನಲ್ಲಿ, ಮೇಲೊಂದು ಕಲ್ಲಿನ ಫಲಕ. ಫಲಕದ ಮೇಲೆ ಹನ್ನೊಂದು ಹೆಸರುಗಳಿವೆ. ನಾಳೆ ಒಡ್ಡು ಒಡೆದರೆ ಯಾರನ್ನು ಕೇಳಬೇಕೆಂದು ಇಷ್ಟು ಸ್ಪಷ್ಟವಾಗಿ, ಅದೂ ಕಲ್ಲಿನಲ್ಲಿ, ಕೆತ್ತಿಸಿಕೊಟ್ಟ ಇಲಾಖೆ ಇನ್ನೊಂದಿರಲಾರದು. ಅದಕ್ಕಾಗಿ ಮೊದಲು ಧನ್ಯವಾದಗಳು.

ನಾನು ಸುರಪುರದ ಸರಕಾರಿ ಕಚೇರಿಯೊಂದರ ಆವರಣದಲ್ಲಿ, ಬೇವಿನ ಗಿಡದ ಕೆಳಗೆ ಮೂವತ್ತೊಂದು ವರ್ಷದಿಂದ ಕೂತು ಅರ್ಜಿ ಬರೆಯುವವನು. ತಮ್ಮ ಮೇಜಿಗೆ ಬಂದ ‘ಸವಿನಯ ಪ್ರಾರ್ಥನೆ’ಗಳಲ್ಲಿ ಎಷ್ಟೋ ನನ್ನ ಕೈಯವು. ಯಾವ ಪದ ಕಂಡರೆ ಗುಮಾಸ್ತರು ನೆಟ್ಟಗಾಗುತ್ತಾರೆ, ಯಾವ ಪದ ಕಂಡರೆ ಚಹಾಕ್ಕೆ ಎದ್ದು ಹೋಗುತ್ತಾರೆ ಎಂಬುದು ನನಗೆ ಬಾಯಿಪಾಠ. ಆ ಜಾಣತನವೇ ಈಗ ಒಡ್ಡಿನ ಕೆಳಗಿನ ನಲವತ್ಮೂರು ಮನೆಗಳ ಕುತ್ತಿಗೆಗೆ ಬಂದಿದೆ. ಹೇಗೆಂದು ಹೇಳುತ್ತೇನೆ, ದಯಮಾಡಿ ಪೂರ್ತಿ ಓದಿ. ಅರ್ಜಿಯ ‘ವಿಷಯ’ದ ಸಾಲನ್ನಷ್ಟೇ ಓದಿ ಕೆಳಗೆ ಸಹಿ ಹಾಕುವ ಪದ್ಧತಿಯನ್ನು ಇದೊಂದು ಸಲ ಬಿಡಿ.

ಒಡ್ಡು ಕಟ್ಟಿದ್ದು ನಾನು ಹುಟ್ಟುವ ಮೊದಲು. ಆಗ ಅದಕ್ಕೆ ಹಳ್ಳದ ನೀರು ಮಾತ್ರ. ಮಳೆಗಾಲದಲ್ಲಿ ತುಂಬಿ, ಯುಗಾದಿ ಹೊತ್ತಿಗೆ ಬರಿದಾಗುತ್ತಿತ್ತು. ಬರಿದಾದಾಗ ಊರವರು ಒಳಗಿಳಿದು ಹೂಳು ಹೊರುತ್ತಿದ್ದರು. ಗೇಟು ಕಾಯಲು ಇಲಾಖೆ ಇಟ್ಟಿದ್ದ ಲಷ್ಕರ ಅಂಬ್ರಪ್ಪ ಒಳಮೈಯ ಕಲ್ಲುಗಳನ್ನು ಬಡಿಗೆಯಿಂದ ಒಂದೊಂದಾಗಿ ಬಡಿದು, ಸಡಿಲಾದದ್ದಕ್ಕೆ ಸುಣ್ಣದ ಗುರುತು ಹಾಕುತ್ತಿದ್ದ. ಆಮೇಲೆ ಕಾಲುವೆ ಬಂತು. ಕಾಲುವೆಯಲ್ಲಿ ಹೆಚ್ಚಾದ ನೀರನ್ನು ನಮ್ಮ ಒಡ್ಡಿಗೆ ತಿರುವಿದರು. ವರ್ಷಕ್ಕೆ ಎರಡು ಬೆಳೆ ಭತ್ತ! ಯಾರು ಬೇಡವೆಂದಾರು? ನಾವೂ ಕುಣಿದೆವು. ಆದರೆ ಅಂದಿನಿಂದ ಇಂದಿನವರೆಗೆ, ಇಪ್ಪತ್ತೆರಡು ವರ್ಷ, ಆ ಒಡ್ಡು ಒಂದು ದಿನವೂ ಒಣಗಿಲ್ಲ. ಅದರ ಒಳಮೈ ಹೇಗಿದೆಯೆಂದು ನೋಡಿದ ಮನುಷ್ಯರಿಲ್ಲ. ಅಂಬ್ರಪ್ಪ ನಿವೃತ್ತನಾದ ಮೇಲೆ ಆ ಜಾಗಕ್ಕೆ ಇನ್ನೊಬ್ಬರು ಬರಲಿಲ್ಲ. ನೀರು ಹೊರಬಿಡುವ ತೂಬಿನ ಗೇಟು ತುಕ್ಕು ಹಿಡಿದು ಕೂತಿದೆ. ಅದನ್ನು ತಿರುಗಿಸುವ ಹಿಡಿಕೆಯನ್ನು ಯಾರೋ ಒಯ್ದು ಎಂಟು ವರ್ಷವಾಯಿತು.

ಒಡ್ಡಿನ ಬುಡದ ಕಲ್ಲುಗಳ ನಡುವೆ ಮೊದಲಿನಿಂದಲೂ ತಿಳಿನೀರು ಜಿನುಗುತ್ತಿತ್ತು. ನಮ್ಮ ಹೆಂಗಸರು ಕುಡಿಯಲು ಅದನ್ನೇ ತುಂಬುತ್ತಿದ್ದರು. ಕೈಪಂಪಿನ ನೀರಿಗೆ ಬೇಯದ ತೊಗರಿಬೇಳೆ ಅದರಲ್ಲಿ ಬೆಣ್ಣೆಯಂತೆ ಬೇಯುತ್ತದೆ. ಸೋರಿಕೆ ಎಂಬ ಮಾತೇ ನಮ್ಮ ಬಾಯಲ್ಲಿರಲಿಲ್ಲ. ನಾವು ಅದನ್ನು ಗಂಗಮ್ಮ ಎಂದೆವು, ಶುಕ್ರವಾರ ಅರಿಶಿನ ಕುಂಕುಮ ಇಟ್ಟೆವು. ನನ್ನ ಹೆಂಡತಿ ಮಕ್ತುಂಬಿಯೂ ಅಲ್ಲಿ ಚಪ್ಪಲಿ ಬಿಟ್ಟೇ ಕೊಡ ತುಂಬುತ್ತಾಳೆ. ಹೋದ ವರ್ಷ ದಸರೆಯ ಹೊತ್ತಿಗೆ ಆ ನೀರು ಕೆಂಪಗಾಯಿತು. ಒಡ್ಡಿಗೆ ಎಲ್ಲರಿಗಿಂತ ಹತ್ತಿರದ ಮನೆ ದೇವಕಮ್ಮನದು, ಮೂವತ್ತು ಹೆಜ್ಜೆ ಇರಬಹುದು. ಅವಳೇ ಒಂದು ಕೊಡ ತಂದು ಅಂಬ್ರಪ್ಪನ ಮನೆಯ ಕಟ್ಟೆಯ ಮೇಲಿಟ್ಟಳು. ಮಧ್ಯಾಹ್ನದವರೆಗೆ ಇಟ್ಟು, ನೀರು ಬಸಿದು ನೋಡಿದರೆ ತಳದಲ್ಲಿ ಎರಡು ಬೆರಳು ಕೆಂಪು ಮಣ್ಣು. ಮುದುಕ ಅದನ್ನು ಬೆರಳಲ್ಲಿ ತಿಕ್ಕಿ ನೋಡಿ ನನ್ನ ಕಡೆ ತಿರುಗಿದ.

“ತಿಳಿನೀರು ಬಂದ್ರ ಅಂಜಬ್ಯಾಡ, ಒಡ್ಡು ಉಸಿರಾಡಾಕತ್ತದ ಅಂತ ತಿಳಿ,” ಎಂದ. “ಕೆಂಪು ಬಂತಂದ್ರ ಒಡ್ಡಿನ ಮಣ್ಣೇ ಒಳಗಿಂದೊಳಗ ಹರದು ಹೊಂಟದ. ಲಾಡ್ಲೇಸಾಬ, ಇವತ್ತೇ ಅರ್ಜಿ ಬರಿ. ತೂಬು ತಗಿಸಿ ನೀರು ಇಳಿಸಂತ ಬರಿ.”

ಇಲ್ಲಿಯೇ ನಾನು ಎಡವಿದ್ದು. ಅವನು ಹೇಳಿದಂತೆ ಬರೆಯಲಿಲ್ಲ. ‘ಒಡ್ಡು ಸೋರುತ್ತಿದೆ’ ಎಂದು ಬರೆದರೆ ಆಗುವುದೇನೆಂದು ನನಗೆ ಗೊತ್ತಿತ್ತು. ಒಡ್ಡು ಯಾರದು, ಹಳ್ಳದವರದೋ ಕಾಲುವೆಯವರದೋ ಎಂದು ಮೂರು ಕಚೇರಿಗಳು ಒಬ್ಬರಿಗೊಬ್ಬರು ಕಾಗದ ಬರೆದುಕೊಳ್ಳುತ್ತ ಎರಡು ಮಳೆಗಾಲ ಕಳೆಯುತ್ತವೆ. ಕುಡಿಯುವ ನೀರಿನ ದೂರಾದರೆ ಹಾಗಲ್ಲ, ಏಳು ದಿನದೊಳಗೆ ಯಾರಾದರೂ ಬರಲೇಬೇಕು. ಬಂದವರಿಗೆ ಒಡ್ಡು ತೋರಿಸಿದರಾಯಿತು ಎಂದುಕೊಂಡೆ. ವಿಷಯ: ‘ಕಲುಷಿತ ಕುಡಿಯುವ ನೀರಿನಿಂದ ಸಾರ್ವಜನಿಕರಿಗೆ ಆಗುತ್ತಿರುವ ತೊಂದರೆ.’ ಮೊದಲ ಹೆಬ್ಬೆಟ್ಟು ದೇವಕಮ್ಮನದು. “ಇದಕ್ಕ ಬರ್ತಾರೇನು?” ಎಂದು ಕೇಳಿದಳು. “ಓಡಿ ಬರ್ತಾರ ನೋಡಕ್ಕಾ” ಎಂದೆ.

ಓಡಿಯೇ ಬಂದರು. ಆರನೆಯ ದಿನಕ್ಕೆ ಗಾಡಿ, ಸಿಮೆಂಟು, ಗೌಂಡಿಗಳು. ನಾನು ಒಡ್ಡು ತೋರಿಸಿದೆ. ಬಂದಿದ್ದವರು ನನ್ನ ಅರ್ಜಿಯನ್ನೇ ನನಗೆ ತೋರಿಸಿದರು. ಅದರಲ್ಲಿ ಒಡ್ಡು ಎಂಬ ಪದ ಎಲ್ಲಿದೆ ಎಂದು ಕೇಳಿದರು. ಇರಲಿಲ್ಲ. ಬುಡದ ಕಲ್ಲುಗಳ ಸಂದುಗಳಿಗೆಲ್ಲ ಸಿಮೆಂಟು ತುಂಬಿ, ಒಂದೇ ಪೈಪು ಬಿಟ್ಟು, ಅದಕ್ಕೆ ಸೋಸುವ ಜಾಲರಿ ಕೂಡಿಸುತ್ತಿದ್ದಾಗ ಅಂಬ್ರಪ್ಪ ಅಡ್ಡ ನಿಂತ.

“ನೀರು ಹೊರಗ ಬರೋ ದಾರಿ ಮುಚ್ಚಬ್ಯಾಡ್ರೋ! ಅದು ಸುಮ್ಮ ಕೂಡಂಗಿಲ್ಲ, ಬ್ಯಾರೆ ದಾರಿ ಹುಡುಕ್ತದ!”

“ಅಜ್ಜಾ, ನಿಮ್ಮ ಮಂದೀನೇ ಅರ್ಜಿ ಕೊಟ್ಟಾರ, ನಾವೇನು ಕನಸು ಕಂಡು ಬಂದೀವೇನು?” ಎಂದ ಮೇಸ್ತ್ರಿ. ಸರಿಯಾದ ಮಾತೇ.

ನಲ್ಲಿಯಲ್ಲಿ ತಿಳಿನೀರು ಬಂತು. ಉದ್ಘಾಟನೆಯ ದಿನ ಊರವರು ನನಗೊಂದು ಹಾರ ಹಾಕಿದರು. ನಾನು ಹಾಕಿಸಿಕೊಂಡೆ. ಅಂಬ್ರಪ್ಪ ಬಂದಿರಲಿಲ್ಲ.

ಇಪ್ಪತ್ತು ದಿನಕ್ಕೆ ದೇವಕಮ್ಮನ ಅಡುಗೆಮನೆಯಲ್ಲಿ, ನೆಲದಲ್ಲಿ ಹೂತ ಒರಳಿನ ಸುತ್ತ ಒದ್ದೆಯಾಯಿತು. ಆಮೇಲೆ ಒರಳೇ ತುಂಬತೊಡಗಿತು, ಕೆಂಪು ನೀರು. ಈಗ ಅವಳು ಬೆಳಿಗ್ಗೆ ಎದ್ದು ಮೊದಲು ತಂಬಿಗೆಯಿಂದ ಒರಳು ಬಸಿಯುತ್ತಾಳೆ, ಆಮೇಲೆ ಒಲೆ ಹಚ್ಚುತ್ತಾಳೆ. ಸಂಜೆಗೆ ಮತ್ತೆ ತುಂಬಿರುತ್ತದೆ. ಬಸಿದ ನೀರನ್ನು ಅಂಬ್ರಪ್ಪನಿಗೆ ತೋರಿಸಿದೆ. ಅವನು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ತಂಬಿಗೆಯನ್ನು ನನ್ನ ಕೈಗೇ ವಾಪಸು ಕೊಟ್ಟು ಒಳಗೆ ಹೋದ.

ಅಂದಿನಿಂದ ನಾಲ್ಕು ಅರ್ಜಿ ಬರೆದಿದ್ದೇನೆ, ಈ ಸಲ ಇದ್ದದ್ದು ಇದ್ದ ಹಾಗೆ. ಮೊದಲನೆಯದಕ್ಕೆ ‘ತಮ್ಮ ಅಹವಾಲು ತೃಪ್ತಿಕರವಾಗಿ ಇತ್ಯರ್ಥಗೊಂಡಿದೆ’ ಎಂಬ ಉತ್ತರ. ಎರಡನೆಯದು ಮನೆಯೊಳಗಿನ ತೇವದ ವಿಷಯವೆಂದು ವಸತಿ ಇಲಾಖೆಯವರ ಕಡೆಗೆ ಹೋಯಿತು. ಮೂರನೆಯದಕ್ಕೆ, ನಲ್ಲಿ ಬೇಕೆಂದವರೇ ನಲ್ಲಿ ಬೇಡವೆನ್ನುವುದು ಪರಸ್ಪರ ವಿರುದ್ಧವಾಗಿದೆ ಎಂಬ ಆಕ್ಷೇಪಣೆ. ನಾಲ್ಕನೆಯದಕ್ಕೆ ಜೀಪು ಬಂತು. ಬಂದವರು ಒಡ್ಡಿನ ಮೇಲೆ ನಿಂತು, ತುಂಬಿದ ನೀರು ನೋಡಿ, “ಎಷ್ಟು ಚೆಂದ ಇದೆ” ಎಂದು ಫೋಟೊ ತೆಗೆದುಕೊಂಡು ಹೋದರು. ಮೇಲಿನಿಂದ ಚೆಂದವೇ ಇದೆ ಸ್ವಾಮಿ. ಕೆಳಗಿಳಿಯಲು ಜಾಲಿ ಮುಳ್ಳು ಅಡ್ಡ ಬಂತಂತೆ. ಆ ಜಾಲಿ ಒಡ್ಡಿನ ಮೈಯೊಳಗೆ ಬೇರು ಇಳಿಸಿದೆ ಎಂದು ಯಾರಿಗೆ ಹೇಳಲಿ?

ತಮ್ಮನ್ನಷ್ಟೇ ದೂರುವುದು ನ್ಯಾಯವಲ್ಲ. ನೀರು ಇಳಿಸೋಣ ಎಂದರೆ ನಮ್ಮೂರ ಗದ್ದೆಯವರೇ ಮೈಮೇಲೆ ಬರುತ್ತಾರೆ. ಭತ್ತ ಹೊಡೆ ಹಾಕಿ ತೆನೆ ಬಿಡುವ ಹೊತ್ತು, ಈಗ ನೀರು ಬಿಟ್ಟರೆ ಉಣ್ಣುವುದೇನು ಎನ್ನುತ್ತಾರೆ. ನಲ್ಲಿಯ ಮುಂದೆ ಈಗಲೂ ಕೊಡಗಳ ಸಾಲಿದೆ. ನಾನು ಆ ಕಟ್ಟೆ ಒಡೆಯಬೇಕು ಎಂದ ದಿನ, ನನಗೆ ಹಾರ ಹಾಕಿದವರೇ ‘ಸಾಬಗ ಅರಳು ಮರಳು’ ಎಂದರು. ನನಗೆ ಕಾಗದ, ಪೆನ್ನು ಬಿಟ್ಟರೆ ಬೇರೆ ಹತಾರ ಇಲ್ಲ. ಅವುಗಳಿಂದ ಒಡ್ಡಿಗೆ ಹಿಡಿ ಮಣ್ಣೂ ಹಾಕಲಾಗುವುದಿಲ್ಲ. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಕಸುಬಿನ ಬಗ್ಗೆ ನನಗೆ ನಾಚಿಕೆಯಾಗಿದೆ, ಹೆದರಿಕೆಯೂ ಆಗಿದೆ.

ನನ್ನ ಮನೆ ದಿಬ್ಬದ ಮೇಲಿದೆ. ನೀರು ಬಂದರೆ ನಾನು ಬದುಕುತ್ತೇನೆ, ಅದೇ ನನ್ನನ್ನು ತಿನ್ನುತ್ತಿದೆ. ದೇವಕಮ್ಮನನ್ನು ನಮ್ಮ ಮನೆಗೆ ಕರೆದೆ. ಹಾಸಿಗೆ ಸುತ್ತಿಕೊಂಡು, ಸೊಸೆ ಮತ್ತು ಎಂಟು ತಿಂಗಳ ಮೊಮ್ಮಗಳೊಂದಿಗೆ ಬಂದಳು. ಒಂಬತ್ತು ದಿನ ಇದ್ದಳು, ಒಡ್ಡು ಒಡೆಯಲಿಲ್ಲ. ಹತ್ತನೆಯ ದಿನ ಬೆಳಿಗ್ಗೆ ಹಾಸಿಗೆ ಸುತ್ತತೊಡಗಿದಳು. ಮಕ್ತುಂಬಿ ಕೈ ಹಿಡಿದುಕೊಂಡರೂ ನಿಲ್ಲಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಮಳೆ ಹಿಡಿಯುವ ಮೊದಲು ಬನ್ನಿ. ಒಡ್ಡಿನ ಕೆಳಗೆ ನಡೆಯಿರಿ, ಮುಳ್ಳು ನಾನು ಕಡಿದಿಡುತ್ತೇನೆ. ತೂಬು ಬಿಡಿಸಿ ನೀರು ಇಳಿಸಿ, ನಾನು ಬರೆದು ತರಿಸಿದ ಆ ಕಟ್ಟೆಯನ್ನು ಒಡೆಸಿ, ನೀರು ಬಂದರೂ ಮಣ್ಣು ಬಾರದಂತೆ ಸೋರುವ ಜಾಗಕ್ಕೆ ಮರಳು, ಕಲ್ಲು ತುಂಬಿಸಿ. ಇದ್ಯಾವುದೂ ತಮ್ಮಿಂದಾಗದಿದ್ದರೆ ಇನ್ನೊಂದು ಸಣ್ಣ ಉಪಕಾರ ಕೇಳುತ್ತೇನೆ. ದೇವಕಮ್ಮ ಮೊಮ್ಮಗಳನ್ನು ಎತ್ತಿಕೊಂಡು ನಮ್ಮ ಹೊಸ್ತಿಲು ದಾಟುವಾಗ ತಿರುಗಿ ನಿಂತು, “ತಮ್ಮಾ, ಮಂದಿ ಮನ್ಯಾಗ ಎಷ್ಟು ದಿನ ಇರಬೇಕು? ಅದು ಯಾವತ್ತು ಒಡಿತದ ಹೇಳು, ಅವತ್ತು ಬರ್ತೀನಿ” ಎಂದಳು. ತಮ್ಮ ಕಚೇರಿಯಲ್ಲಿ ಆ ತಾರೀಕು ಇದ್ದರೆ ದಯವಿಟ್ಟು ಬರೆದು ಕಳಿಸಿ. ಅವಳಿಗೆ ಓದಲು ಬರುವುದಿಲ್ಲ, ನಾನು ಹೋಗಿ ಓದಿ ಹೇಳುತ್ತೇನೆ.

ಇಂತಿ,
ಬರೆಯುವುದೊಂದನ್ನು ಬಿಟ್ಟು ಏನೂ ಮಾಡಲಾಗದ
ಲಾಡ್ಲೇಸಾಬ,
ಅರ್ಜಿ ಬರೆಯುವವನು, ಸುರಪುರ