ಪಮೋನ್ಯಳ ಹೆಸರು

ಮಾರ್ಚ್ ೧೨, ಸಾವೊ ಕಾರ್ಲೋಸ್

ಇವತ್ತಿನ ನಾಚಿಕೆ ಇನ್ನೂ ಇಳಿದಿಲ್ಲ. ಪಕ್ಕದ ವಿದ್ಯಾರ್ಥಿನಿಯರ ಮನೆಯ ಪಮೋನ್ಯ ಬೆಳಿಗ್ಗೆ ನನ್ನ ಅಡುಗೆಮನೆಯಲ್ಲಿ ಎಚ್ಚರ ತಪ್ಪಿ ಬಿದ್ದಳು. ಆಸ್ಪತ್ರೆಯಲ್ಲಿ ಹೆಸರು ಕೇಳಿದರೆ ನನಗೂ ಗೊತ್ತಿಲ್ಲ, ಜೊತೆಗೆ ಬಂದ ಗೆಳತಿಯರಿಗೂ ಗೊತ್ತಿಲ್ಲ. ಆ ಮನೆಗೆ ಸೇರಿದ ದಿನವೇ ಹಳಬರು ಅಡ್ಡಹೆಸರಿಡುತ್ತಾರೆ. ಪಮೋನ್ಯ ಎಂಬ ಮೆಕ್ಕೆಜೋಳದ ಕಡುಬಿಗೆ ಆಸೆಪಟ್ಟವಳು ತಾನೇ ಪಮೋನ್ಯ ಆಗಿಬಿಟ್ಟಳು.

"ಊರ ತುಂಬಾ ಡಾಕ್ಟರೇಟು, ಒಬ್ಬರಿಗೂ ಹುಡುಗಿ ಹೆಸರು ಗೊತ್ತಿಲ್ವಾ ಪ್ರೊಫೆಸರೇ? ಅವರಮ್ಮನ್ನ ಎಲ್ಲಿ ಅಂತ ಹುಡುಕ್ಲಿ?" ಎಂದಳು ನರ್ಸ್.

ಪಮೋನ್ಯಳ ಲೇಸರ್ ಪ್ರಯೋಗ ಎಲ್ಲಿ ಕೆಡುತ್ತಿದೆ ಎಂಬುದು ನನಗೆ ಗೊತ್ತು. ದಿನಾ ಕಾಫಿ ಕುಡಿಯುತ್ತಾ ಅದನ್ನೇ ಮಾತಾಡಿದ್ದೇವೆ.

ಸಂಜೆ ಅವಳಿಗೆ ಎಚ್ಚರವಾದಾಗ ಹೆಸರು ಕೇಳಿದೆ.

"ಲುಸಿನೇಯಾ. ನೀವು ಹಾಗೆ ಕರೀಬೇಡಿ, ಅಮ್ಮ ಬೈಯೋವಾಗ್ಲೇ ಆ ಹೆಸರು ಬರೋದು," ಎಂದು ನಕ್ಕಳು.

ನಾಳೆ ಆ ತಾಯಿ ಬರುತ್ತಾರೆ. ನಿಮ್ಮ ಮಗಳನ್ನು ಚೆನ್ನಾಗಿ ಬಲ್ಲೆ ಎಂದು ಅವರಿಗೆ ಹೇಳುವ ಆಸೆ. ಇವತ್ತಿನವರೆಗೆ ಹೆಸರೇ ಗೊತ್ತಿರದ ನಾನು ಹಾಗೆ ಹೇಳಬಹುದೇ ಎಂಬುದೇ ತಿಳಿಯುತ್ತಿಲ್ಲ.