ಬೆನ್ನ ಮೇಲಿನ ಕಲೆ

ಪಾಗ್ ದ್ವೀಪ
ಅಕ್ಟೋಬರ್ 9, 2016

ಪ್ರೀತಿಯ ಝೋರ್ಕಾ,

ನಿನ್ನ ಎರಡೂ ಕಾಗದಗಳು ಬಂದಿವೆ. ಒಂದಕ್ಕೂ ಉತ್ತರವಿಲ್ಲವೆಂದು ನೀನು ರಿಯೆಕಾದಲ್ಲಿ ಕೂತು ನನ್ನನ್ನು ಎಷ್ಟು ಬೈದಿರುತ್ತೀಯೋ ಊಹಿಸಬಲ್ಲೆ. ಬೈದದ್ದು ಸರಿಯೇ. ಮಂಡಿನೋವು ಹೇಗಿದೆ? ಈ ವರ್ಷ ಅಂಜೂರ ಚೆನ್ನಾಗಿ ಬಂತು, ಒಣಗಿಸಿಟ್ಟಿದ್ದೇನೆ, ಬಸ್ಸಿನವನ ಕೈಲಿ ಕಳಿಸುತ್ತೇನೆ.

ತಡವಾದದ್ದು ಸೋಮಾರಿತನದಿಂದಲ್ಲ, ಸಿಟ್ಟಿನಿಂದ. ಸಿಟ್ಟಿನಲ್ಲಿ ಬರೆದದ್ದನ್ನೆಲ್ಲ ಹರಿದು ಒಲೆಗೆ ಹಾಕಿದೆ. ಸಿಟ್ಟು ಇನ್ನೂ ಇಳಿದಿಲ್ಲ, ಆದರೂ ಇದನ್ನು ಹರಿಯುವುದಿಲ್ಲ. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಫೋನ್ ಇರುವುದು ಅಡುಗೆಮನೆಯಲ್ಲಿ, ಅಲ್ಲಿ ಯಾವಾಗಲೂ ನನ್ನ ಗಂಡ ಶಿಮೆ ಇರುತ್ತಾನೆ.

ಎಡ ಭುಜದ ಕೆಳಗೆ, ನನ್ನ ಯಾವ ಕೈಯೂ ತಲುಪದ ಜಾಗದಲ್ಲಿ, ಮೂರು ವರ್ಷದಿಂದ ಆಗಾಗ ತುರಿಕೆ ಇತ್ತು. ನಮ್ಮ ಊರಿನ ಡಾಕ್ಟರ್ ವಿಡಾಸ್ ಹತ್ತಿರ ಹೋದೆ. ಅವರು ಕುರ್ಚಿಯಿಂದ ಏಳಲಿಲ್ಲ. ಉಪ್ಪಿನಾಗರದಲ್ಲಿ ದುಡಿದವರಿಗೆಲ್ಲ ಇದು ಇದ್ದದ್ದೇ, ಬೆವರುಸಾಲೆ ಎಂದು ಮುಲಾಮು ಬರೆದುಕೊಟ್ಟರು. ಮರುವರ್ಷ ಹೋದರೆ ಹುಳುಕಡ್ಡಿ ಎಂದರು. ಅದರ ಮುಂದಿನ ವರ್ಷ ಇಸುಬು. ಕಾಯಿಲೆಯ ಹೆಸರು ಬದಲಾಯಿತು, ಮುಲಾಮಿನ ಬಣ್ಣ ಬದಲಾಯಿತು, ಕುರ್ಚಿ ಮಾತ್ರ ಅಲ್ಲೇ ಇತ್ತು. ನಾನು ಮರದ ಸೌಟಿನ ಹಿಡಿಗೆ ಬಟ್ಟೆ ಸುತ್ತಿ, ಗೋಡೆಗೆ ಬೆನ್ನು ಕೊಟ್ಟು, ಅಂದಾಜಿನಲ್ಲಿ ಸವರಿಕೊಳ್ಳುತ್ತಿದ್ದೆ. ಇಂಥ ಸಣ್ಣ ವಿಷಯಕ್ಕೆ ಶಿಮೆಯನ್ನು ಯಾಕೆ ಕರೆಯುವುದು ಎಂದುಕೊಂಡಿದ್ದೆ.

ಜೂನ್‌ನಲ್ಲಿ ನನ್ನ ತಂಗಿಯ ಮಗಳ ಮದುವೆಗೆಂದು ದರ್ಜಿ ಪೆರೀನಾಳ ಹತ್ತಿರ ಅಳತೆ ಕೊಡಲು ಹೋದೆ. ಅವಳು ಬಟ್ಟೆಗೆ ಪಿನ್ನು ಚುಚ್ಚುತ್ತಿದ್ದವಳು ಕೈ ನಿಲ್ಲಿಸಿ, "ಇದೇನೇ ತೋನ್ಕಾ, ಯಾವಾಗ ಸುಟ್ಕೊಂಡೆ?" ಎಂದು ಕೇಳಿದಳು. ನಾನು ಎಲ್ಲೂ ಸುಟ್ಟುಕೊಂಡಿರಲಿಲ್ಲ. ಎರಡು ಕನ್ನಡಿ ಹಿಡಿದು ತೋರಿಸಿದಳು. ದೊಡ್ಡ ನಾಣ್ಯದಗಲದ ಕೆಂಪು ಕಲೆ. ತೆಳ್ಳಗೆ ಸಿಪ್ಪೆ ಎದ್ದಿತ್ತು. ಅಂಚಿನ ಸುತ್ತ ದಾರ ಇಟ್ಟು ಹೊಲಿದ ಹಾಗೆ ಸಣ್ಣ ಹೊಳೆಯುವ ಏರು. ಮೂರು ವರ್ಷ ಹೊತ್ತು ತಿರುಗಿದ್ದನ್ನು ಅವತ್ತೇ ಮೊದಲ ಸಲ ಕಂಡೆ.

ಮರುದಿನ ಡಾಕ್ಟರ ಮುಂದೆ ಕೂತಾಗ ಅವರು ಮತ್ತೆ ಪೆನ್ನು ಎತ್ತಿಕೊಂಡರು. ನಾನು ಎದ್ದು ರವಿಕೆಯ ಗುಂಡಿ ಬಿಚ್ಚಿ, ಬೆನ್ನು ತಿರುಗಿಸಿ ನಿಂತು, "ಮೊದ್ಲು ನೋಡಿ, ಆಮೇಲೆ ಬರೀರಿ" ಎಂದೆ. ಆಗ ಎದ್ದರು. ಕನ್ನಡಕ ಹಾಕಿಕೊಂಡು ಹತ್ತಿರದಿಂದ ನೋಡಿದರು. ಆಮೇಲೆ ಝಾದರ್ ಪಟ್ಟಣದ ಚರ್ಮದ ಡಾಕ್ಟರಿಗೆ ಚೀಟಿ ಬರೆದರು. ಹೆಂಗಸರಿಗೆ ಬಟ್ಟೆ ತೆಗೆಯಿರಿ ಎನ್ನಲು ಸಂಕೋಚವಾಗುತ್ತಿತ್ತು ಎಂದು ಗೊಣಗಿದರು. ಕೇಳಿದೆಯಾ? ನನ್ನ ಎದೆಯ ಮೇಲೆ ಆ ತಣ್ಣನೆಯ ಕೊಳವೆ ಇಡುವಾಗ ಇಲ್ಲದ ಸಂಕೋಚ! ಅವರ ಮರ್ಯಾದೆ ಉಳಿಸಲು ನನ್ನ ಚರ್ಮ ಬೇಕಾಯಿತು.

ಝಾದರ್‌ನಲ್ಲಿ ನೋಡಿದವರು ಡಾಕ್ಟರ್ ಇನೆಸ್, ನಲವತ್ತರ ಹೆಂಗಸು. ಬೆಳಕಿರುವ ಒಂದು ಮಸೂರವನ್ನು ಚರ್ಮಕ್ಕೆ ಒತ್ತಿ ನೋಡಿದರು. ಒಂದು ಕಲೆಗೆಂದು ಹೋದವಳನ್ನು ನೆತ್ತಿಯಿಂದ ಅಂಗಾಲಿನವರೆಗೂ ಪರೀಕ್ಷಿಸಿದರು. ಮರಗಟ್ಟಿಸುವ ಸೂಜಿ ಕೊಟ್ಟು, ಕಲೆಯಿಂದ ಕಾಳಿನಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಬಿಸಿಲಲ್ಲಿ ದುಡಿದಿದ್ದೀರಾ ಎಂದು ಕೇಳಿದಾಗ ನಗು ಬಂತು. ನೆನಪಿದೆಯೇನೇ, ನಾವಿಬ್ಬರೂ ಈಜುಡುಗೆಯಲ್ಲೇ ಬಗ್ಗಿ ಉಪ್ಪು ಎಳೆಯುತ್ತಿದ್ದದ್ದು? ಮೇಲಿನಿಂದ ಸೂರ್ಯ, ಕೆಳಗಿನಿಂದ ಉಪ್ಪಿನ ಬಿಳುಪು. ಕಾಲಿಗೆ ಬೂಟು ಕೊಟ್ಟರು, ಕೈಗೆ ಗವಸು ಕೊಟ್ಟರು. ಬೆನ್ನಿಗೊಂದು ಅಂಗಿ ಬೇಕೆಂದು ಯಾವ ಮೇಸ್ತ್ರಿಗೂ ಹೊಳೆಯಲಿಲ್ಲ.

ಜುಲೈ ಕೊನೆಗೆ ಫಲಿತಾಂಶ ಬಂತು. ಬೇಸಲ್ ಸೆಲ್ ಕಾರ್ಸಿನೋಮ, ಚರ್ಮದ ಮೇಲ್ಪದರದ್ದು. ಕ್ಯಾನ್ಸರ್ ಎಂಬ ಮಾತನ್ನು ಇನೆಸ್ ಮರೆಮಾಚಲಿಲ್ಲ. ಇದು ಮೈಯೊಳಗೆ ಬೇರೆಡೆಗೆ ಹರಡುವುದು ತೀರ ಅಪರೂಪ, ಚಾಪೆಯ ಹಾಗೆ ಅಗಲಕ್ಕೆ ಬೆಳೆಯುತ್ತದೆ, ಆದರೆ ಬಿಟ್ಟರೆ ಆಳಕ್ಕೂ ಇಳಿದೀತು ಎಂದು ವಿವರಿಸಿದರು. ಕೊಯ್ದು ತೆಗೆಯಬಹುದು, ಹೆಪ್ಪುಗಟ್ಟಿಸಿ ಸಾಯಿಸಬಹುದು. ನಿಮ್ಮದು ತೆಳುವಾಗಿದೆ, ಹಚ್ಚುವ ಔಷಧಿಯೂ ಆದೀತು ಎಂದರು. ನಾನು ಔಷಧಿಯನ್ನೇ ಆರಿಸಿಕೊಂಡೆ. ವಾರಕ್ಕೆ ಐದು ದಿನದಂತೆ ಆರು ವಾರ, ಮಲಗುವ ಮುಂಚೆ ಹಚ್ಚಿ ಬೆಳಿಗ್ಗೆ ತೊಳೆಯಬೇಕು. ಅದು ನಮ್ಮ ಮೈಯ ಶಕ್ತಿಯನ್ನೇ ಎಬ್ಬಿಸಿ ರೋಗದ ಮೇಲೆ ಬಿಡುತ್ತದಂತೆ. ಕೆಂಪಾಗಿ, ಕೀತು, ಹಕ್ಕಳೆ ಕಟ್ಟಿದರೆ ಹೆದರಬೇಡಿ, ಕೆಲಸ ಮಾಡುತ್ತಿದೆ ಎಂದರ್ಥ ಎಂದು ಧೈರ್ಯ ಹೇಳಿದರು.

ಊರಿನವರ ಬಾಯಿಯ ವಿಷಯ ಕೇಳು. ಚರ್ಚಿನ ಮೆಟ್ಟಿಲ ಮೇಲೆ ಮಾಂಡಾ ನನ್ನ ಕೈ ಹಿಡಿದು, "ನಿಂಗೆ ಬಂದಿರೋದು ಒಳ್ಳೇ ಕ್ಯಾನ್ಸರಂತಲ್ಲ, ಪುಣ್ಯವಂತೆ" ಎಂದಳು. ಅಷ್ಟು ಒಳ್ಳೆಯದಿದ್ದರೆ ನೀನೇ ಇಟ್ಕೋ ಎಂದು ಕೈ ಬಿಡಿಸಿಕೊಂಡು ಬಂದೆ.

ಆದರೆ ನಿಜವಾಗಿ ಸಿಟ್ಟಿಗೆದ್ದವನು ಶಿಮೆ. ಫಲಿತಾಂಶ ಬಂದ ಮರುದಿನವೇ ಇಸ್ತ್ರಿಯ ಅಂಗಿ ತೊಟ್ಟು ದವಾಖಾನೆಗೆ ನುಗ್ಗಿದನಂತೆ. ಕಾದು ಕೂತಿದ್ದವರೆಲ್ಲರ ಎದುರು ಮೇಜು ಗುದ್ದಿ, "ಮೂರು ವರ್ಷ ನನ್ನ ಹೆಂಡ್ತಿ ತುರಿಕೆ ತುರಿಕೆ ಅಂತ ಬಂದ್ಲು. ಒಂದ್ಸಲ ಎದ್ದು ನೋಡೋಕೆ ನಿಮಗೆ ಕಣ್ಣಿರ್ಲಿಲ್ವಾ?" ಎಂದು ಕೇಳಿದನಂತೆ. ಡಾಕ್ಟರ ಕಿವಿ ಕೆಂಪಾಯಿತು ಎಂದು ಪೆರೀನಾ ಬಂದು ಹೇಳಿದಳು. ಊರೆಲ್ಲ ಅದೇ ಮಾತು. ಗಂಡ ಅಂದರೆ ಶಿಮೆ ಥರ ಇರಬೇಕು ಎನ್ನುತ್ತಾರೆ. ಸುಳ್ಳು ಯಾಕೆ ಹೇಳಲಿ, ನನಗೂ ಹೆಮ್ಮೆಯಾಯಿತು. ಅವತ್ತು ಕುರಿಮರಿಯ ಮಾಂಸ ಮಾಡಿದೆ.

ಔಷಧಿ ಮುಗಿಯಿತು. ನಡುವೆ ಬೆನ್ನು ಕೆಂಡದ ಹಾಗೆ ಉರಿದು, ಹಕ್ಕಳೆ ಕಟ್ಟಿ, ಬೋರಲು ಮಲಗಿ ದಿನ ಕಳೆದೆ. ಈಗ ಹಕ್ಕಳೆ ಉದುರಿ ನಸುಬಿಳಿಯ ಗುರುತು ಉಳಿದಿದೆ. ಡಿಸೆಂಬರ್‌ನಲ್ಲಿ ಮತ್ತೆ ನೋಡುತ್ತಾರೆ, ಆಮೇಲೂ ವರ್ಷ ವರ್ಷ ತೋರಿಸುತ್ತಿರಬೇಕು. ವಾಸಿಯಾಗುವ ಲಕ್ಷಣ ಚೆನ್ನಾಗಿದೆ ಎಂದಿದ್ದಾರೆ ಇನೆಸ್.

ಝೋರ್ಕಾ, ನೀನೂ ಅದೇ ಬಿಸಿಲು ತಿಂದವಳು. ಈ ವಾರವೇ ಹೋಗಿ ಬೆನ್ನು ತೋರಿಸು. ಡಾಕ್ಟರು ಕುರ್ಚಿಯಿಂದ ಏಳದಿದ್ದರೆ ನೀನೇ ಎಬ್ಬಿಸು. ದೇವಮಾತೆ ನಿನ್ನನ್ನೂ ನಿನ್ನ ಮಂಡಿಯನ್ನೂ ಕಾಯಲಿ. ಮಕ್ಕಳಿಗೆ ನನ್ನ ಮುತ್ತು.

ನಿನ್ನ
ತೋನ್ಕಾ

ಮತ್ತೆ: ಮುಚ್ಚಿ ಅಂಟಿಸಿದ್ದ ಲಕೋಟೆಯನ್ನು ಬಿಡಿಸಿ ಇದನ್ನು ಬರೆಯುತ್ತಿದ್ದೇನೆ. ಔಷಧಿ ಹಚ್ಚುತ್ತಿದ್ದದ್ದು ಶಿಮೆಯೇ. ಒಂದು ದಿನವೂ ಬೇಸರಿಸಲಿಲ್ಲ. ಮೊದಲ ವಾರದಲ್ಲೇ ಒಂದು ರಾತ್ರಿ, ಬೆರಳಲ್ಲಿ ಅಂಚು ಹಿಡಿದು ಸವರುತ್ತಾ, "ಈ ಕೆಳಗಿನ ಭಾಗ ಮೊದ್ಲು ಇರ್ಲಿಲ್ಲ. ಆಗ ಬೇಳೆಯಷ್ಟಿತ್ತು" ಎಂದ. ತನ್ನಷ್ಟಕ್ಕೆ ಆಡಿಕೊಂಡಂತೆ. "ಆಗ ಅಂದ್ರೆ ಯಾವಾಗ?" ಎಂದು ಕೇಳಿದೆ. ಅವನ ಬೆರಳು ನಿಂತಿತು. ನಾನು ಮೊದಲ ಸಲ ಡಾಕ್ಟರ ಹತ್ತಿರ ಹೋಗುವುದಕ್ಕೂ ಮುಂಚಿನ ಬೇಸಿಗೆಯಂತೆ. ಸೆಖೆಗೆ ನಾನು ಬೋರಲು ಮಲಗಿದ್ದಾಗ ಕಂಡಿದ್ದನಂತೆ. ಪ್ರತಿ ಬೇಸಿಗೆಯೂ ಕಂಡಿದ್ದಾನೆ, ಬೆಳೆಯುವುದನ್ನು ನೋಡಿದ್ದಾನೆ. ಮತ್ಯಾಕೆ ಹೇಳಲಿಲ್ಲ ಎಂದೆ. "ನೀನು ಕೇಳ್ಲಿಲ್ವಲ್ಲ" ಎಂದ. ಆಮೇಲೆ ಉಳಿದದ್ದನ್ನು ನೀಟಾಗಿ ಹಚ್ಚಿ, ಕೈ ತೊಳೆದು ಬಂದು ಪಕ್ಕದಲ್ಲಿ ಮಲಗಿದ. ಬೇಗ ನಿದ್ದೆ ಹೋದ.

ಯಾರಿಗೂ ಹೇಳಿಲ್ಲ. ಹೇಳಿದರೆ ನಂಬುವವರೂ ಇಲ್ಲ. ಡಾಕ್ಟರಿಗಾದರೆ ನೋಡಲಿಲ್ಲ ಎಂದು ಬೈದೆವು. ನೋಡಿದವನಿಗೆ ಏನೆಂದು ಬೈಯಲಿ, ಝೋರ್ಕಾ?